ಹೋಗ್ತದ, ಹೋಗಂಗಿಲ್ಲ: ಕಣ್ಣು ಕಾಣದೆ ಗಾಡಿ ರಿಪೇರಿ

ಇದು ಮೂರು ಸ್ಪಾರ್ಕ್ ಪ್ಲಗ್‌ಗಳಿಂದ, ಅಂದರೆ ಇಂಜಿನ್ನಿನೊಳಗೆ ಪೆಟ್ರೋಲಿಗೆ ಕಿಡಿ ಹೊತ್ತಿಸುವ ಪ್ಲಗ್‌ಗಳಿಂದ ಶುರುವಾದದ್ದು. ನಮ್ಮ ಮನೆಯಲ್ಲಿ ಹಳೆಯ ಮಾರುತಿ 800 ಇದೆ, ಕಾರ್ಬ್ಯುರೇಟರ್ ಕಾಲದ್ದು. ಓಡಿಸುವವಳು ನನ್ನ ಹೆಂಡತಿ. ಒಂದು ಮಳೆಗಾಲದಲ್ಲಿ ಗಾಡಿ ಜರ್ಕ್ ಹೊಡೆಯತೊಡಗಿತು. ಗ್ಯಾರೇಜಿಗೆ ಬಿಟ್ಟೆವು. ಮೂರೂ ಪ್ಲಗ್ ಹೊಸದು ಹಾಕಿದ್ದೇವೆ ಎಂದು ಬಿಲ್ಲು ಕೊಟ್ಟರು. ಎರಡೇ ದಿನ, ಮತ್ತೆ ಅದೇ ಜರ್ಕ್. ಸಿಟ್ಟಿನಲ್ಲಿ ನಾನೇ ಬಾನೆಟ್ ಎತ್ತಿ, ಇಂಜಿನ್ ತಣ್ಣಗಾಗುವವರೆಗೆ ಕಾದು, ಮೂರೂ ಪ್ಲಗ್ ಬಿಚ್ಚಿ ಬೆರಳ ತುದಿಯಿಂದ ಸವರಿದೆ. ಹೊಸ ಪ್ಲಗ್ ಆದರೆ ನಡುವಿನ ಕಡ್ಡಿಯ ಅಂಚು ಉಗುರಿಗೆ ಚೂಪಾಗಿ ಸಿಗಬೇಕು. ಇವು ಮೂರೂ ಅರ್ಧ ಚೀಪಿದ ಪೆಪ್ಪರಮಿಂಟಿನ ಹಾಗೆ ದುಂಡಗಾಗಿದ್ದವು. ಹಳೇ ಪ್ಲಗ್ ಒರೆಸಿ ವಾಪಸ್ ಹಾಕಿದ್ದರು. ಕುರುಡನಿಗೆ ಏನು ತಿಳಿಯುತ್ತದೆ ಅಂದುಕೊಂಡಿರಬೇಕು.

ನಾನು ಬೆಳಗಾವಿಯ ಕಾರ್ಖಾನೆಗಳ ಪ್ರದೇಶ ಉದ್ಯಮಬಾಗದಲ್ಲಿ ಹದಿನಾಲ್ಕು ವರ್ಷ ಟರ್ನರ್, ಅಂದರೆ ಲೇತ್ ಮಷೀನ್ ಕೆಲಸದವನು ಆಗಿದ್ದೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆ. ಮೊದಲು ರಾತ್ರಿ ಕಾಣುವುದು ಹೋಯಿತು, ಆಮೇಲೆ ಅಕ್ಕಪಕ್ಕದ್ದು, ಕೊಳವೆಯೊಳಗಿಂದ ನೋಡಿದ ಹಾಗೆ. ಈಗ ಬೆಳಕೋ ಕತ್ತಲೆಯೋ ಅನ್ನುವಷ್ಟು ಮಾತ್ರ. ಕೆಲಸ ಬಿಟ್ಟ ಮೇಲೆ ನಾಲ್ಕು ವರ್ಷ ಪಾನಾ (ಸ್ಪ್ಯಾನರ್) ಮುಟ್ಟಿರಲಿಲ್ಲ. ಆ ಪ್ಲಗ್ ಸವರಿದ ದಿನ ಒಂದು ಹಳೆಯ ಮಾತು ನೆನಪಾಯಿತು.

ಶಾಪಿನಲ್ಲಿ ನಾವು ತೂತಿನ ಅಳತೆ ನೋಡುತ್ತಿದ್ದದ್ದು ಕಣ್ಣಿನಿಂದ ಅಲ್ಲವೇ ಅಲ್ಲ. ಗೋ, ನೋ-ಗೋ ಗೇಜು ಅಂತ ಒಂದು ಇರುತ್ತದೆ. ಎರಡು ತುದಿ. ಉದ್ದದ ತುದಿ ತೂತಿನೊಳಗೆ ಹೋಗಬೇಕು, ಗಿಡ್ಡ ತುದಿ ಹೋಗಬಾರದು. ಎರಡೂ ಸರಿಯಾದರೆ ಪೀಸು ಪಾಸು. ನಮ್ಮ ಸೂಪರ್‌ವೈಸರ್ ಹೊಸ ಹುಡುಗರಿಗೆ "ಹೋಗ್ತದ, ಹೋಗಂಗಿಲ್ಲ, ಇಷ್ಟ ನೋಡ್ರಿ, ಮತ್ತೇನ್ ನೋಡಬ್ಯಾಡ್ರಿ" ಅನ್ನುತ್ತಿದ್ದರು. ಕಣ್ಣಿದ್ದಾಗಲೂ ಅರ್ಧ ಕೆಲಸ ಕೈಯೇ ಮಾಡುತ್ತಿತ್ತು. ಹಾಗಾದರೆ ಗಾಡಿಯ ಯಾವ ಕೆಲಸವನ್ನು ಈ ಎರಡು ಉತ್ತರಕ್ಕೆ ಇಳಿಸಬಹುದು, ಅದು ನನ್ನ ಕೆಲಸ. ಯಾವುದನ್ನು ಇಳಿಸಲು ಆಗಲ್ಲವೋ ಅದು ಬೇರೆಯವರದ್ದು. ಇವತ್ತಿಗೂ ನನ್ನ ಲೆಕ್ಕ ಇದೇ.

ಮೊದಲು ಮಾಡಿಕೊಂಡದ್ದು ಸ್ಕೇಲು. ಹತ್ತು ಎಂಎಂ ಬೋಲ್ಟಿನ ಮಾಮೂಲಿ ಥ್ರೆಡ್, ನಮ್ಮ ಕಡೆ ಮರಾಠಿ ಟರ್ನರ್‌ಗಳು ಆಟೆ ಅನ್ನುತ್ತಾರಲ್ಲ, ಅದರ ಪಿಚ್ 1.5 ಮಿಮೀ. ಅಂದರೆ ಒಂದು ಸುತ್ತು ತಿರುಗಿಸಿದರೆ ಬೋಲ್ಟು ಒಂದೂವರೆ ಮಿಲಿಮೀಟರ್ ಸರಿಯುತ್ತದೆ. ತಲೆಗೆ ಆರು ಮುಖ. ಒಂದು ಮುಖ ತಿರುಗಿದರೆ ಸರಿಯಾಗಿ ಕಾಲು ಮಿಲಿಮೀಟರ್! ಹಳೇ ಗೆಳೆಯನೊಬ್ಬನಿಗೆ ಹೇಳಿ ಯು ಆಕಾರದ ಒಂದು ಕಬ್ಬಿಣದ ತುಂಡಿಗೆ ನಟ್ಟು ವೆಲ್ಡ್ ಮಾಡಿಸಿದೆ. ಅದರಲ್ಲಿ ಬೋಲ್ಟು. ತಲೆಯ ಒಂದು ಮುಖಕ್ಕೆ ಪಂಚಿನಿಂದ ಚುಕ್ಕೆ. ತುದಿ ಎದುರಿನ ಗೋಡೆಗೆ ತಾಗಿದಾಗ ಸೊನ್ನೆ. ವಸ್ತುವನ್ನು ಮಧ್ಯ ಇಡುವಷ್ಟು ಬಿಚ್ಚಿ, ಮತ್ತೆ ಮೆಲ್ಲಗೆ ತಾಗುವವರೆಗೆ ಮುಚ್ಚಿ, ವಸ್ತು ತೆಗೆದು ಸೊನ್ನೆಯವರೆಗೆ ಎಷ್ಟು ಸುತ್ತು, ಎಷ್ಟು ಮುಖ ಅಂತ ಎಣಿಸುವುದು. ತಾಗಿಸುವಾಗ ಯಾವಾಗಲೂ ಒಂದೇ ದಿಕ್ಕಿನಿಂದ ಬನ್ನಿ, ಇಲ್ಲದಿದ್ದರೆ ಥ್ರೆಡ್ಡಿನ ಸಡಿಲ ಅಳತೆಯಲ್ಲಿ ಸೇರುತ್ತದೆ. ಶಾಪಿನಲ್ಲಿ ಸೂಕ್ಷ್ಮ ಅಳತೆಗೆ ಬಳಸುವ ಮೈಕ್ರೋಮೀಟರ್ ಅಂದರೂ ಇದೇ ಅಲ್ವಾ, ಅದರದ್ದು ಅರ್ಧ ಮಿಲಿಮೀಟರ್ ಪಿಚ್, ಸುತ್ತಲೂ ಐವತ್ತು ಗೆರೆ, ಅಷ್ಟೇ ವ್ಯತ್ಯಾಸ. ಬ್ರೇಕ್ ಪ್ಯಾಡಿನ ದಪ್ಪ, ವಾಷರ್, ತಗಡು, ಎಲ್ಲದಕ್ಕೂ ನನಗೆ ಇದೇ ಸಾಕು.

ಇನ್ನು ಪ್ಲಗ್ಗಿನ ವಿಷಯ. ನಡುವಿನ ಕಡ್ಡಿಗೂ ಅದರ ಎದುರು ಬಾಗಿದ ಕೊಕ್ಕೆಗೂ ಇರುವ ಸಂದು, ಅಂದರೆ ಗ್ಯಾಪ್, ನನ್ನ ಗಾಡಿಗೆ 0.7ರಿಂದ 0.8 ಮಿಮೀ. ಇದಕ್ಕೆ ಬೋಲ್ಟು ಸಾಲದು, ಫೀಲರ್ ಗೇಜು ಬೇಕು, ಅಂದರೆ ಬೇರೆ ಬೇರೆ ದಪ್ಪದ ತೆಳು ಲೋಹದ ಎಲೆಗಳ ಗೊಂಚಲು. ಅದರ ಎಲೆಗಳ ಮೇಲೆ ಕೊರೆದ ಅಂಕಿ ನನ್ನ ಬೆರಳಿಗೆ ಹತ್ತುವುದಿಲ್ಲ. ಮಗನಿಂದ ಓದಿಸಿ, ನನಗೆ ಬೇಕಾದ ಮೂರೇ ಎಲೆ ಉಳಿಸಿ ಮಿಕ್ಕಿದ್ದು ಬಿಚ್ಚಿ ಡಬ್ಬಿಗೆ ಹಾಕಿದೆ. 0.7ರ ಬುಡಕ್ಕೆ ಅರದಿಂದ ಒಂದು ಗೀರು, 0.8ಕ್ಕೆ ಎರಡು, 0.9ಕ್ಕೆ ಮೂರು. ಒಂದು ಗೀರಿನದು ಸಲೀಸಾಗಿ ಹೋಗಬೇಕು. ಎರಡರದ್ದು ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಸ್ವಲ್ಪ ಹಿಡಿದು ಹೋಗಬೇಕು. ಮೂರರದ್ದು ಹೋಗಲೇಬಾರದು.

ವಾಪಸ್ ಹಾಕುವಾಗ ಅವಸರ ಮಾಡಬೇಡಿ. ಪ್ಲಗ್ ಕೂರುವ ಇಂಜಿನ್ನಿನ ಮೇಲ್ಭಾಗ, ಹೆಡ್ ಅನ್ನುತ್ತಾರೆ, ಅಲ್ಯುಮಿನಿಯಂನದ್ದು, ಥ್ರೆಡ್ ಅಡ್ಡ ಕೂತರೆ ಸಾವಿರಾರು ರೂಪಾಯಿ ಖರ್ಚು. ನಾನು ಪ್ಲಗ್ಗಿನ ಹಿಂದಿನ ತುದಿಗೆ ಗೇಣುದ್ದದ ರಬ್ಬರ್ ಪೈಪು ಸಿಕ್ಕಿಸುತ್ತೇನೆ. ಮೊದಲು ಉಲ್ಟಾ ತಿರುಗಿಸುತ್ತೇನೆ, ಒಂದು ಕಡೆ ಟಿಕ್ ಅಂತ ಕೆಳಗೆ ಬಿದ್ದ ಹಾಗೆ ಅನ್ನಿಸುತ್ತದೆ, ಅಲ್ಲಿಂದ ಸುಲ್ಟಾ. ಅಡ್ಡ ಕೂತರೆ ಪೈಪು ಪ್ಲಗ್ಗಿನ ಮೇಲೆ ಸುಮ್ನೆ ಜಾರುತ್ತದೆ, ಥ್ರೆಡ್ ಕೆಡಿಸುವಷ್ಟು ಜೋರು ಅದಕ್ಕಿಲ್ಲ. ಪೂರ್ತಿ ಕೂತ ಮೇಲೆ ಪಾನಾದಿಂದ ಬಿಗಿ ಮಾಡುವುದಕ್ಕೆ ಗಡಿಯಾರದ ಲೆಕ್ಕ. ಹೊಸ ವಾಷರ್ ಇರುವ ಹೊಸ ಪ್ಲಗ್ ಆದರೆ ಅರ್ಧ ಸುತ್ತಿನಿಂದ ಮೂರನೇ ಎರಡು ಸುತ್ತು, ಅಂದರೆ ಪಾನಾದ ಹಿಡಿ ಹನ್ನೆರಡರಿಂದ ಆರಕ್ಕೆ, ಬಹಳ ಆದರೆ ಎಂಟಕ್ಕೆ. ಹಳೇ ಪ್ಲಗ್ ಆದರೆ ವಾಷರ್ ಆಗಲೇ ಚಪ್ಪಟೆ ಆಗಿರುತ್ತದೆ, ಹನ್ನೆರಡರಿಂದ ಒಂದಕ್ಕೆ ಬಂದರೆ ಸಾಕು. ಜಾಸ್ತಿ ಬೇಡ.

ಒಂದು ಸಲ ಮರ್ಯಾದೆ ಹೋಯಿತು. ಪ್ಲಗ್ಗಿಗೆ ಕರೆಂಟು ತರುವ ಮೂರೂ ವೈರು ಒಟ್ಟಿಗೆ ಬಿಚ್ಚಿ, ವಾಪಸ್ ಹಾಕುವಾಗ ಎರಡು ಮತ್ತು ಮೂರನೆಯದನ್ನು ಅದಲುಬದಲು ಮಾಡಿದೆ. ಈ ಇಂಜಿನ್ನಿನಲ್ಲಿ ಪೆಟ್ರೋಲ್ ಉರಿಯುವ ಮೂರು ಸಿಲಿಂಡರಿಗೆ ಕಿಡಿ ಬೀಳುವ ಕ್ರಮ ಒಂದು, ಮೂರು, ಎರಡು. ಹೆಂಡತಿ ಚಾವಿ ತಿರುಗಿಸಿದ್ದೇ ತಡ, ಡಬ್ ಅಂತ ಸೈಲೆನ್ಸರಿನಿಂದ ಒಂದು ಗುಂಡು. ಎದುರು ಮನೆಯವರು ಓಡಿ ಬಂದು "ಏನ್ರೀ, ಸಿಲಿಂಡರ್ ಒಡೀತೇನ್ರೀ?" ಅಂದರು. ಹೌದ್ರೀ, ಎರಡನೇದು ಅಂದೆ. ಅವರು ಅಡುಗೆಮನೆಯ ಕಡೆ ನೋಡಿದರಂತೆ. ಆವತ್ತೇ ವೈರುಗಳಿಗೆ ಒಂದು, ಎರಡು, ಮೂರು ಅಂತ ರಬ್ಬರ್ ಬ್ಯಾಂಡ್ ಸುತ್ತಿದೆ. ಇಂಜಿನ್ ಶಾಖಕ್ಕೆ ಅವು ತಿಂಗಳಲ್ಲಿ ಪುಡಿಯಾದವು. ಈಗ ಪ್ಲಾಸ್ಟಿಕ್ ಕೇಬಲ್ ಟೈ ಇವೆ. ಮತ್ತು ಈಗ ಒಂದು ಬಿಚ್ಚಿ, ಅದನ್ನು ಹಾಕಿಯೇ ಇನ್ನೊಂದಕ್ಕೆ ಕೈ ಹಾಕುತ್ತೇನೆ.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ತಿಳಿಯಲು ಕಿವಿ ಸಾಕು. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿಸಿ ಒಂದೆರಡು ನಿಮಿಷ ಬಿಟ್ಟು ಬಂದ್ ಮಾಡಿಸುತ್ತೇನೆ. ಬಟ್ಟೆಗೆ ಚಿಮುಕಿಸುವ ನೀರಿನ ಬಾಟಲಿಯಿಂದ ಎಕ್ಸಾಸ್ಟ್ ಕೊಳವೆ ಹೆಡ್ಡಿಗೆ ಸೇರುವ ಮೂರೂ ಜಾಗಕ್ಕೆ ಒಂದೊಂದು ಚಿಮ್ಮು. ಕಾದ ಹಂಚಿಗೆ ನೀರು ಬಿದ್ದ ಹಾಗೆ ಚುಂಯ್ ಅಂದರೆ ಆ ಸಿಲಿಂಡರ್ ಜೀವಂತ. ಸದ್ದೇ ಬರದಿದ್ದರೆ ಅಥವಾ ಮಂದ ಬಂದರೆ ಅದೇ ಕಳ್ಳ. ಬೆಳಗಾವಿಯ ಮಳೆಗಾಲದಲ್ಲಿ ನನ್ನ ಗಾಡಿಗೆ ಬಂದ ಜರ್ಕ್‌ಗಳಲ್ಲಿ ಪ್ಲಗ್ಗಿಗಿಂತ ಜಾಸ್ತಿ ತಪ್ಪು ವೈರಿನದ್ದೇ, ರಬ್ಬರ್ ಸೀಳಿ ತೇವ ಒಳಗೆ ಹೋಗಿರುತ್ತದೆ. ಸೀಳು ಬೆರಳಿಗೆ ಸಿಗುತ್ತದೆ. ಆದರೆ ಇಂಜಿನ್ ಓಡುವಾಗ ಆ ವೈರಿನ ಹತ್ತಿರ ಕೈ ಒಯ್ಯಬೇಡಿ, ಒದೆಯುತ್ತದೆ.

ಗಾಲಿ ಬದಲಿಸುವುದು ಎಲ್ಲರೂ ಹೆದರುವ ಕೆಲಸ, ನನಗೆ ಮಾತ್ರ ಅದು ಸಲೀಸು. ಸಮ ನೆಲ, ಹ್ಯಾಂಡ್ ಬ್ರೇಕ್, ಎದುರು ಮೂಲೆಯ ಗಾಲಿಗೆ ಹಿಂದೆ ಮುಂದೆ ಕಲ್ಲು. ನಟ್ಟು ಸಡಿಲ ಮಾಡಿದ ಮೇಲೇ ಜ್ಯಾಕ್. ಬಿಚ್ಚಿದ ಗಾಲಿಯನ್ನು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸುತ್ತೇನೆ, ಜ್ಯಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಿದವನಲ್ಲ, ಹಾಕುವವನೂ ಅಲ್ಲ. ಬಿಗಿ ಮಾಡಲು ಟಾರ್ಕ್ ಪಾನಾ ಕೊಂಡೆ, ಮೊದಲೇ ಇಟ್ಟಷ್ಟು ಬಿಗಿ ಬಂದ ಕೂಡಲೇ ಅದು ಕ್ಲಿಕ್ ಅನ್ನುತ್ತದೆ. ಬಿಗಿಯ ಅಳತೆ ನ್ಯೂಟನ್ ಮೀಟರ್, ನನ್ನದು 28ರಿಂದ ಶುರು, ಹಿಡಿ ಒಂದು ಸುತ್ತು ತಿರುಗಿಸಿದರೆ 14 ಏರುತ್ತದೆ. 70 ಬೇಕಾದರೆ ಮೂರು ಸುತ್ತು. ಅಂಕಿ ಓದುವ ಗೋಜೇ ಇಲ್ಲ. ಕೆಲಸ ಮುಗಿದ ಮೇಲೆ ಮತ್ತೆ 28ಕ್ಕೆ ಇಳಿಸಿ ಇಡಬೇಕು, ಸ್ಪ್ರಿಂಗ್ ಉಳಿಯುತ್ತದೆ, ಮುಂದಿನ ಸಲ ಎಣಿಕೆ ಎಲ್ಲಿಂದ ಅನ್ನುವ ಅನುಮಾನವೂ ಇರಲ್ಲ. ಗಾಲಿ ಕೈಯಲ್ಲಿ ಇರುವಾಗಲೇ ಟೈರ್ ಗೀರುಗಳಲ್ಲಿ ಉಗುರು ಓಡಿಸುತ್ತೇನೆ. ತಳದಲ್ಲಿ ಅಲ್ಲಲ್ಲಿ 1.6 ಮಿಮೀ ಎತ್ತರದ ದಿಬ್ಬ ಇರುತ್ತದೆ. ಅದು ಟೈರಿನ ಮೇಲ್ಮೈಗೆ ಸಮ ಬಂದಿದ್ದರೆ ಟೈರ್ ಮುಗಿಯಿತು.

ಬ್ಯಾಟರಿ ಸುಲಭ. ಪ್ಲಸ್ ಗೂಟ ದಪ್ಪ, ಮೈನಸ್ ಗೂಟ ಸ್ವಲ್ಪ ಸಣ್ಣ, ಎರಡನ್ನೂ ಒಟ್ಟಿಗೆ ಹಿಡಿದರೆ ತಿಳಿಯುತ್ತದೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಕೊನೆಗೆ. ಫ್ಯೂಸ್ ಸುಟ್ಟಿದೆಯೋ ಇಲ್ಲವೋ ಅನ್ನುವುದಕ್ಕೆ ಸಾದಾ ಮಲ್ಟಿಮೀಟರಿನ ಬೀಪ್ ಸಾಕು. ಹೆಡ್‌ಲೈಟ್ ಹತ್ತಿದೆಯಾ ಅಂತ ಗಾಜಿನ ಮುಂದೆ ಅಂಗೈ ಹಿಡಿದರೆ ಬಿಸಿ ಹೇಳುತ್ತದೆ. ಎಲ್‌ಇಡಿ ಬಂದ ಮೇಲೆ ಈ ಸೌಕರ್ಯ ಹೋಯಿತು ನೋಡಿ. ವೈರಿನ ಬಣ್ಣ ಮಾತ್ರ ನನ್ನ ಕೈಲಿ ಆಗಲ್ಲ, ಮಗ ಬೇಕು.

ಮನೆಯ ವರ್ಕ್‌ಶಾಪ್ ಅಂದರೆ ಹಿತ್ತಲ ಒಂದು ತಗಡಿನ ಶೆಡ್. ಬಿಚ್ಚಿದ ನಟ್ಟು ಬೋಲ್ಟಿಗೆ ತತ್ತಿ ಟ್ರೇ, ಎಡಗಡೆ ಮೂಲೆಯಿಂದ ಬಿಚ್ಚಿದ ಕ್ರಮದಲ್ಲೇ. ಪಾನಾಗಳಿಗೆ ಹಲಗೆಯಲ್ಲಿ ಮೊಳೆ, ಸೈಜಿನ ಪ್ರಕಾರ. ಯಾರಾದರೂ ತೆಗೆದು ಬೇರೆ ಕಡೆ ಇಟ್ಟರೆ ಮನೆಯಲ್ಲಿ ಜಗಳ, ಅದೊಂದು ವಿಷಯಕ್ಕೆ ನಾನು ಕೆಟ್ಟವನು. ತೂತು ಕೊರೆಯುವಾಗ ಮೊದಲು ಸೆಂಟರ್ ಪಂಚಿನಿಂದ ಗುಳಿ, ಮಷೀನ್ ಬಂದ್ ಇರುವಾಗಲೇ ಕೈಯಿಂದ ಡ್ರಿಲ್ ತುದಿಯನ್ನು ಗುಳಿಗೆ ಕೂರಿಸಿ, ಪೀಸನ್ನು ಕ್ಲಾಂಪಿನಿಂದ ಕಟ್ಟಿ, ಎರಡೂ ಕೈ ದೂರ ತಂದ ಮೇಲೆ ಸ್ವಿಚ್. ತಿರುಗುವ ಮಷೀನಿಗೆ ಕೈಗವಸು ಹಾಕಬೇಡಿ. ಸುರಕ್ಷೆಗೆ ಅಂತ ಎಲ್ಲರೂ ತಂದುಕೊಡುವುದು ಅದನ್ನೇ, ಡ್ರಿಲ್ ಹಿಡಿದು ಎಳೆಯುವುದೂ ಅದನ್ನೇ.

ನಾನು ಮಾಡದ ಕೆಲಸವೂ ಇದೆ. ಬ್ರೇಕ್ ಪ್ಯಾಡ್ ಬದಲಿಸುತ್ತೇನೆ, ಆದರೆ ಬ್ರೇಕ್ ಪೈಪಿನ ಗಾಳಿ ತೆಗೆಯುವಾಗ ಗುಳ್ಳೆ ನಿಂತಿತೇ ಅಂತ ನೋಡಲು ಕಣ್ಣಿರುವವರು ಪಕ್ಕದಲ್ಲಿ ಬೇಕೇ ಬೇಕು. ಪೆಟ್ರೋಲ್ ಪೈಪ್ ಮುಟ್ಟುವುದಿಲ್ಲ. ಪೇಂಟು ಕೂಡ ಇಲ್ಲ, ಒಮ್ಮೆ ಮಾಡಿದೆ, ಹೆಂಡತಿ ಇನ್ನೂ ನಗುತ್ತಾಳೆ.

ಸದ್ಯಕ್ಕೆ ಸೋತಿರುವುದು ಒಂದು ವಿಷಯಕ್ಕೆ. ಮಳೆ ಬಂದರೆ ಎಡಗಡೆ ಮುಂದಿನ ಸೀಟಿನ ಕಾಲ ಬಳಿ ನೀರು. ಬಾಗಿಲ ರಬ್ಬರ್ ಸರಿ ಇದೆ, ಮಡಚಿದ ಹಳೇ ನೋಟಿನಷ್ಟು ದಪ್ಪದ ಕಾಗದ ಇಟ್ಟು ಬಾಗಿಲು ಹಾಕಿ ಎಳೆದು ನೋಡಿದೆ, ಎಲ್ಲ ಕಡೆ ಬಿಗಿಯಾಗಿ ಹಿಡಿಯುತ್ತದೆ. ಕಾರ್ಪೆಟ್ ಕೆಳಗೆ ಪೇಪರ್ ಹಾಸಿ ಎಲ್ಲಿ ಮೊದಲು ಮೆತ್ತಗಾಗುತ್ತದೆ ಅಂತ ಮುಟ್ಟಿ ನೋಡಿದರೆ ಮೇಲಿನ ಮೂಲೆಯಿಂದ, ಅಂದರೆ ವೈಪರ್ ಕೆಳಗಿನ ತಗಡಿನ ಕಡೆಯಿಂದ. ಭಾನುವಾರ ಮಗ ಹೊರಗಿನಿಂದ ನಲ್ಲಿ ಪೈಪ್ ಹಿಡಿಯುತ್ತಾನೆ, ನಾನು ಒಳಗೆ ಡ್ಯಾಶ್‌ಬೋರ್ಡ್ ಕೆಳಗೆ ಕೈ ಇಟ್ಟುಕೊಂಡು ಮಲಗುವವನಿದ್ದೇನೆ.