ಕಡಲೆಕಾಯಿ ಬೇರಲ್ಲಿ ಗಂಟು: ಕಿತ್ತೆಸೆಯುವ ಮೊದಲು ಹೀಗೆ ನೋಡಿ

ಹೋದ ಮಳೆಗಾಲದಲ್ಲಿ ಮಾಗಡಿ ರಸ್ತೆ ಕಡೆಯ ಗೆಳೆಯರೊಬ್ಬರು ಎರಡು ಸಾಲು ಕಡಲೆಕಾಯಿ ಗಿಡ ಕಿತ್ತು ಸುಟ್ಟರು. "ಬೇರೆಲ್ಲ ಗಂಟು, ಜಂತುಹುಳು ಬಿದ್ದಿದೆ" ಅಂದರು. ಬೇರಿನೊಳಗೆ ಸೇರಿ ಗಂಟು ಮಾಡುವ ಅತಿ ಸಣ್ಣ ಹುಳು (ನೆಮಟೋಡ್) ಅದು. ಉಳಿದ ಗಿಡ ನೋಡಿದರೆ ಅವು ಗಾಳಿಯ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾದ ಗಂಟುಗಳು! ಅನ್ನ ಕೊಡುವವನನ್ನೇ ಓಡಿಸಿದ ಹಾಗಾಯಿತು.

ಗಿಡವನ್ನು ಕೈಯಲ್ಲಿ ಜಗ್ಗಬೇಡಿ. ಸಣ್ಣ ಬೇರು ಮಣ್ಣಲ್ಲೇ ಹರಿದು ಉಳಿಯುತ್ತದೆ. ಗುದ್ದಲಿಯಲ್ಲಿ ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಸಿ, ಮೆಲ್ಲಗೆ ಅಲ್ಲಾಡಿಸಿ ತೊಳೆಯಿರಿ.

ಎಡವುವುದು ಇನ್ನು ಮುಂದೆ. ಒಂದು ಗಂಟನ್ನು ಉಗುರಿನಿಂದ ತಳ್ಳಿ. ಮಣಿಯ ಹಾಗೆ ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಪಟ್ಟನೆ ಕಳಚಿತಾ? ಅದು ರೈಜೋಬಿಯಂ. ಸೀಳಿ ನೋಡಿ, ಒಳಗೆ ಗುಲಾಬಿ ಬಣ್ಣ ಇದ್ದರೆ ಚೆನ್ನಾಗಿ ಕೆಲಸ ಮಾಡುತ್ತಿದೆ. ಜಂತುಹುಳುವಿನ ಗಂಟು ಹೀಗೆ ಕಳಚುವುದಿಲ್ಲ. ಹುಳು ಬೇರಿನ ಒಳಗೇ ಕೂತು ಸುತ್ತಲಿನ ಜೀವಕೋಶಗಳನ್ನು ಉಬ್ಬಿಸುತ್ತದೆ. ಹಾಗಾಗಿ ಬೇರೇ ದಪ್ಪಗಾಗಿರುತ್ತದೆ, ಕಿತ್ತರೆ ಬೇರೂ ಹರಿಯುತ್ತದೆ. ಕಾಯಿಯನ್ನೂ ತಿರುಗಿಸಿ ನೋಡಿ. ಸಿಪ್ಪೆ ಮೇಲೆ ನರುಲಿಯಂಥ ಉಬ್ಬು ಇದ್ದರೆ ಅನುಮಾನ ಗಟ್ಟಿಯಾಯಿತು. ಸುಮ್ನೆ ಎಲೆ ಹಳದಿ ಅಂತ ತೀರ್ಮಾನಿಸಬೇಡಿ, ಕಬ್ಬಿಣದ ಕೊರತೆಗೂ ಹಾಗಾಗುತ್ತದೆ.

ಅನುಮಾನ ಇದ್ದರೆ ಹೊಲದ ಎಂಟು ಹತ್ತು ಕಡೆ ಬೇರಿನ ಆಳದ ಮಣ್ಣು ತೆಗೆದು, ಬೆರೆಸಿ, ಪರೀಕ್ಷೆಗೆ ಅರ್ಧ ಕಿಲೋ ಕಟ್ಟಿ. ನಾಲ್ಕು ಬೇರೂ ಹಾಕಿ. ಬಿಸಿಲಲ್ಲಿ ಒಣಗಿಸಿದರೆ ಹುಳು ಸಾಯುತ್ತವೆ, ವರದಿ ಸುಳ್ಳಾಗುತ್ತದೆ. ಜಿಕೆವಿಕೆಯಲ್ಲಿ (ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ) ವಿಚಾರಿಸುವಾಗ "ಹುಳು ಯಾವ ಜಾತಿ?" ಅಂತ ಕೇಳಲೇಬೇಕು. ಟೊಮೆಟೊಗೆ ಕಾಟ ಕೊಡುವ ಇನ್‌ಕಾಗ್ನಿಟಾ ಎಂಬ ಜಾತಿ ಕಡಲೆಕಾಯಿ ಬೇರಲ್ಲಿ ಮರಿ ಮಾಡುವುದಿಲ್ಲ. ಅರೆನೇರಿಯಾ ಎಂಬ ಇನ್ನೊಂದು ಜಾತಿಯ ಒಂದು ಪಂಗಡ ಜೋರಾಗಿ ಬೆಳೆಯುತ್ತದೆ. ಜಾತಿ ಗೊತ್ತಿಲ್ಲದೆ ಬೆಳೆ ಬದಲಾಯಿಸುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ನರ್ಸರಿಗಳಲ್ಲಿ ಮಾರುವ ಲೇಬಲ್ ಇಲ್ಲದ "ಹುಳು ನಾಶಕ" ಬಾಟಲಿ ಮುಟ್ಟಬೇಡಿ. ನಾನಂತೂ ಬೇವಿನ ಹಿಂಡಿ ಹಾಕಿ, ಮಧ್ಯೆ ಒಂದು ಬೆಳೆ ಚೆಂಡುಹೂ ಬೆಳೆಯುತ್ತೇನೆ. ಹಿಂಡಿಯನ್ನು ಮೂಸಿ ಕೊಳ್ಳಿ. ಕಹಿ ವಾಸನೆ ಇಲ್ಲದ್ದು ಬರೀ ಹೊಟ್ಟು.

ನಿರೋಧಕ ತಳಿ ಇಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಇದೆ. 1999ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕೋಯನ್ ತಳಿ ಬಿಡುಗಡೆಯಾಯಿತು. ಅದರ ಶಕ್ತಿ ಬಂದದ್ದು ಕಾರ್ಡೆನಾಸಿ ಎಂಬ ಕಾಡು ಕಡಲೆಕಾಯಿಯಿಂದ. ಮರಿಹುಳು ಬೇರಿಗೆ ನುಗ್ಗಿದರೂ ಊಟದ ಜಾಗ ಕಟ್ಟಿಕೊಳ್ಳಲಾಗದೆ ಹೆಚ್ಚಿನವು ಸಾಯುತ್ತವೆ, ಇಲ್ಲ ಹೊರಗೆ ಓಡುತ್ತವೆ. ನಮ್ಮಲ್ಲಿ ಬೀಜ ಕೊಳ್ಳುವಾಗ ಅಂಗಡಿಯವರು "ನಿರೋಧಕ" ಅಂದರೆ, ಯಾವ ಹುಳುವಿಗೆ ಅಂತ ಮರುಪ್ರಶ್ನೆ ಹಾಕಿ. ತುಕ್ಕು ರೋಗ ತಡೆಯುವ ತಳಿಯನ್ನು ಇದಕ್ಕೂ ಆಗುತ್ತದೆ ಅಂತ ನನಗೇ ಒಬ್ಬರು ಕಟ್ಟಿದ್ದರು.