ಕ್ರಿಕೆಟ್ ಬ್ಯಾಟನ್ನು ಅಟ್ಟಕ್ಕೆ ಹಾಕಿ: ಮಕ್ಕಳನ್ನು ಟೀ-ಬಾಲ್‌ಗೆ ಸೇರಿಸುವ ಹೊಸಬರಿಗೆ

ಅಮೆರಿಕಕ್ಕೆ ಬಂದು ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಪಕ್ಕದ ಮನೆಯವರು ಕೇಳುತ್ತಾರೆ, ಮಗುವನ್ನು ಟೀ-ಬಾಲ್‌ಗೆ ಸೇರಿಸಿದಿರಾ ಎಂದು. ಚೆಂಡನ್ನು ಕಂಬದ ಮೇಲಿಟ್ಟು ಹೊಡೆಯುವ ಪುಟ್ಟ ಮಕ್ಕಳ ಬೇಸ್‌ಬಾಲ್ ಇದು. ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ ಸಂಸ್ಥೆಯಲ್ಲಿ ಇದು 4ರಿಂದ 7 ವರ್ಷದವರ ಆಟ. ನೋಂದಣಿ ಸಾಮಾನ್ಯವಾಗಿ ಚಳಿಯಲ್ಲೇ ಶುರು; ಜನನ ಪತ್ರ, ವಿಳಾಸದ ದಾಖಲೆ ಕೊಟ್ಟರೆ ಮುಗಿಯಿತು. ನಿಜವಾದ ತೊಡಕು ನಮ್ಮ ಕೈಯಲ್ಲಿ ಕೂತಿರುವ ಕ್ರಿಕೆಟ್. ಮಗುವಿಗೆ ಏನೂ ಗೊತ್ತಿಲ್ಲ, ಹಾಗಾಗಿ ಬೇಗ ಕಲಿಯುತ್ತದೆ. ನಮಗೆ ಗೊತ್ತಿದೆಯಲ್ಲ, ಅದೇ ತೊಂದರೆ.

ಮೊದಲ ಎಡವಟ್ಟು ಚೆಂಡು ಹಿಡಿಯುವ ಗ್ಲೌಸಿನದು. ಬಲಗೈ ಮಗು ಅಂದ ಕೂಡಲೇ ಬಲಗೈಗೇ ತೊಡಿಸಿಬಿಡುತ್ತೇವೆ. ಗ್ಲೌಸ್ ಎಡಗೈಗೆ, ಎಸೆಯುವ ಕೈ ಖಾಲಿ ಇರಬೇಕು. 9–10 ಇಂಚಿನದು ಸಾಕು. ಯೂನಿಫಾರ್ಮ್ ಹೊಲಿಸಿದ ಹಾಗೆ "ಬೆಳೆಯೋ ಮಗು" ಎಂದು ದೊಡ್ಡದು ತಂದರೆ ಪುಟ್ಟ ಬೆರಳುಗಳಿಗೆ ಅದನ್ನು ಮುಚ್ಚಲಾಗುವುದಿಲ್ಲ, ಚೆಂಡು ಒಳಗೆ ಬಂದೂ ಹೊರಗೆ ಹೋಗುತ್ತದೆ. ಬ್ಯಾಟು 24ರಿಂದ 26 ಇಂಚು. ಒಂದೇ ಕೈಯಲ್ಲಿ ಪಕ್ಕಕ್ಕೆ ಚಾಚಿ ಹಿಡಿದು ಹತ್ತು ಎಣಿಸಲಿ. ಅಷ್ಟರೊಳಗೆ ತೋಳು ಇಳಿದರೆ ಬ್ಯಾಟು ಭಾರವಾಯಿತು ಅಂತಲೇ.

ಹೊಡೆತಕ್ಕೆ ಬನ್ನಿ. ಚೆಂಡಿಡುವ ಕಂಬದ ಎತ್ತರ ಮಗುವಿನ ಸೊಂಟದಷ್ಟು. ಕಂಬ ಹೊಟ್ಟೆಯ ನೇರಕ್ಕಲ್ಲ, ಮುಂದಿನ ಪಾದದ ನೇರಕ್ಕೆ ಇರಲಿ. ಬೀಸಿದ ಬ್ಯಾಟಿಗೆ ವೇಗ ಕೂಡುವುದು ಅಲ್ಲಿಗೆ ಬರುವ ಹೊತ್ತಿಗೆ. ತೀರ ಹತ್ತಿರ ನಿಂತ ಮಗು ಮೊಣಕೈ ಮಡಚಿಕೊಂಡು ಕಂಬದ ರಬ್ಬರಿಗೆ ಬಡಿಯುತ್ತದೆ, ಚೆಂಡು ಕಾಲಬುಡಕ್ಕೆ ಉದುರುತ್ತದೆ. ಆಗ ಕಂಬ ಎತ್ತರಿಸಬೇಡಿ, ಮಗುವನ್ನು ಅರ್ಧ ಹೆಜ್ಜೆ ಹಿಂದೆ ಸರಿಸಿ. ಸೀಮೆಸುಣ್ಣದಲ್ಲಿ ಎರಡು ಪಾದ ಬರೆದುಬಿಟ್ಟರೆ ಪ್ರತಿ ಸಲ ಹೇಳುವುದೂ ತಪ್ಪುತ್ತದೆ. ಬಲಗೈ ಮಗುವಾದರೆ ಎಡಗೈ ಕೆಳಗೆ, ಬಲಗೈ ಅದಕ್ಕೆ ಅಂಟಿಕೊಂಡು ಮೇಲೆ, ಬಾಗಿಲು ತಟ್ಟುವ ಗೆಣ್ಣುಗಳು ಒಂದೇ ಸಾಲಿನಲ್ಲಿ. ಬ್ಯಾಟಿನ ತುದಿ ನೆಲ ಮುಟ್ಟಿರಬಾರದು, ಭುಜದ ಹಿಂದೆ ಎದ್ದಿರಬೇಕು. ನೇರ ಬ್ಯಾಟಿನ ಪಾಠ ಇಲ್ಲಿ ಬೇಡವೇ ಬೇಡ: ನೇರವಾಗಿ ಬಂದ ಬ್ಯಾಟಿಗೆ ಸಿಗುವುದು ಕಂಬ. ಮೊದಲ ವಾರ ಚೆಂಡಿನ ಬದಲು ಸುತ್ತಿದ ಕಾಲುಚೀಲ ಇಡಿ, ಹೆದರಿಕೆ ಹೋಗುತ್ತದೆ.

ಹೊಡೆದ ಮೇಲೆ ನಮ್ಮ ಮಕ್ಕಳನ್ನು ದೂರದಿಂದಲೇ ಗುರುತಿಸಬಹುದು: ಬ್ಯಾಟು ಹಿಡಿದುಕೊಂಡೇ ಓಡುತ್ತವೆ. ಹಿತ್ತಲಲ್ಲಿ ಅಪ್ಪ ಕಲಿಸಿದ್ದು. ಬಿಟ್ಟು ಓಡು ಎಂದರೆ ಹಿಂದಕ್ಕೆ ಬೀಸಿ ಎಸೆಯುತ್ತವೆ, ಅದು ಇನ್ನೂ ಅಪಾಯ. ಕಂಬದ ಪಕ್ಕದಲ್ಲೊಂದು ದೊಡ್ಡ ಬಳೆ ಬರೆಯಿರಿ. ಹೊಡೆದ ತಕ್ಷಣ "ಬ್ಯಾಟಿಗೆ ಜೋಜೋ" ಎಂದು ಅದರೊಳಗೆ ಮಲಗಿಸಿ ಓಟ. ಓಡುವುದು ಬಲಕ್ಕೆ, ಮೊದಲ ಬೇಸಿನ ಕಡೆಗೆ; ಬೇಸು ಎಂದರೆ ಓಡಿ ಮುಟ್ಟಬೇಕಾದ ಚೌಕ ಮೆತ್ತೆ. ಅದರ ಮೇಲೆ ಗಕ್ಕನೆ ನಿಲ್ಲಬಾರದು, ತುಳಿದು ದಾಟಬೇಕು. ಅದರಾಚೆ ಒಬ್ಬರು ಅಂಗೈ ಚಾಚಿ ನಿಂತರೆ ಮಗು ಚಪ್ಪಾಳೆ ತಟ್ಟಲು ತಾನಾಗಿ ದಾಟುತ್ತದೆ. ಮನೆಯ ಅಭ್ಯಾಸಕ್ಕೆ ಬೇಸುಗಳ ನಡುವೆ 20 ಅಡಿ ಬೇಕಾದಷ್ಟಾಯಿತು.

ಎಸೆತಕ್ಕೆ ಲಗೋರಿಗಿಂತ ಒಳ್ಳೆಯ ಗುರು ಇಲ್ಲ. ಏಳು ಪ್ಲಾಸ್ಟಿಕ್ ಲೋಟ ಪೇರಿಸಿ, ಎಂಟು ಅಡಿಯಿಂದ ಶುರು ಮಾಡಿ. ಬಲಗೈಯಲ್ಲಿ ಎಸೆಯುವ ಮಗುವಿನ ಎಡ ಬೂಟಿಗೆ ಸ್ಟಿಕ್ಕರ್ ಅಂಟಿಸಿ, ಸ್ಟಿಕ್ಕರ್ ಕಾಲು ಮುಂದೆ. ಇಲ್ಲೇ ಅಪ್ಪಂದಿರು ಬಾಯಿ ಹಾಕುವುದು, "ಕೈ ಮಡಚಬೇಡ, ಚಕ್ ಆಗುತ್ತೆ!" ಬೌಲಿಂಗಲ್ಲ ಸ್ವಾಮಿ, ಇಲ್ಲಿ ಮೊಣಕೈ ಮಡಚಲೇಬೇಕು.

ಉರುಳಿ ಬರುವ ಚೆಂಡಿಗೆ ಮೊಸಳೆ ಬಾಯಿ: ಗ್ಲೌಸ್ ನೆಲಕ್ಕೆ ತಾಗಿದ ಕೆಳದವಡೆ, ಬರಿಗೈ ಮೇಲ್ದವಡೆ. ಗ್ಲೌಸ್ ಮೇಲಿಂದ ಕೆಳಗೆ ಬಂದರೆ ಚೆಂಡು ಅಡಿಯಲ್ಲಿ ನುಸುಳಿ ಹೋಗುತ್ತದೆ. ನೆಲದಿಂದ ಮೇಲಕ್ಕೇ ಬರಬೇಕು.

ಅಭ್ಯಾಸದಲ್ಲಿ ಇಂಥ ಒಂದೊಂದು ಆಟಕ್ಕೆ ಐದು ನಿಮಿಷ, ಒಟ್ಟು ಅರ್ಧ ಗಂಟೆ. ಸಾಲಿನಲ್ಲಿ ಮೂರಕ್ಕಿಂತ ಹೆಚ್ಚು ಮಕ್ಕಳು ನಿಂತರೆ ನಾಲ್ಕನೆಯದು ಮಣ್ಣು ಅಗೆಯುತ್ತಿರುತ್ತದೆ. ಒಂದು ಹೊತ್ತಿಗೆ ಒಂದೇ ಬ್ಯಾಟು ಹೊರಗೆ, ಹಿಡಿದವರ ತಲೆಗೆ ಹೆಲ್ಮೆಟ್.

ಈ ವಯಸ್ಸಿಗೆ ಬಹುತೇಕ ಕಡೆ ಸ್ಕೋರ್ ಇಡುವುದಿಲ್ಲ, ಎಲ್ಲರಿಗೂ ಬ್ಯಾಟಿಂಗ್ ಸಿಗುತ್ತದೆ. ಗೆರೆಯಾಚೆ ಕೂತು ಮನಸ್ಸಿನಲ್ಲೇ ರನ್ ಎಣಿಸುವವರು ನಾವು. ಮೈದಾನದ ಕೂಗೆಲ್ಲ ಇಂಗ್ಲಿಷ್. ಮಗುವಿನ ಆಟದ ಮಾತೂ ಅದೇ ಆಗುತ್ತದೆ, ತಡೆಯಲಾಗದು. ಹಿತ್ತಲಿನದ್ದಾದರೂ ಕನ್ನಡದಲ್ಲಿರಲಿ. ಬೇಸಿನ ಬಳಿ ಬಗ್ಗಿ ನಿಂತು "ಮೊಸಳೆ, ಮೊಸಳೆ" ಎಂದು ಗೊಣಗಿಕೊಳ್ಳುವ ಮಗುವನ್ನು ಕೋಚ್ ಏನು ತಿಳಿದುಕೊಂಡರೂ ಚಿಂತೆಯಿಲ್ಲ.

ಸೀಸನ್ ಮುಗಿದ ಮೇಲೆ ಕ್ರಿಕೆಟ್ ಬ್ಯಾಟನ್ನು ಅಟ್ಟದಿಂದ ಇಳಿಸಿ. ಮಗು ಹೊಡೆದು, ಬ್ಯಾಟಿಗೆ ಜೋಜೋ ಮಾಡಿ, ಬಲಕ್ಕೆ ಓಡುತ್ತದೆ. ಆಗ ಮತ್ತೆ ಮೊದಲಿನಿಂದ.