ಅಡ್ಡಮಳೆ ಗಾಳಿಗೆ ಮುಂಚೆ ಪತ್ರಾಸ್ ನೋಡಿಕೊಳ್ಳಿ

ಹುಬ್ಬಳ್ಳಿ, ಗದಗ ಕಡೆ ಏಪ್ರಿಲ್-ಮೇ ಅಡ್ಡಮಳೆಯ ಗಾಳಿಗೆ ಪತ್ರಾಸ್ (ತಗಡಿನ ಚಾವಣಿ) ಕೀಳುವುದು ಹೆಚ್ಚಾಗಿ ಅಂಚಿನಿಂದ. ಗಾಳಿ ಸೂರಿನ ಕೆಳಗೆ ನುಗ್ಗಿ ತಗಡನ್ನು ಮೇಲಕ್ಕೆತ್ತುತ್ತದೆ. ದಯವಿಟ್ಟು ಮೇಲೆ ಕಲ್ಲು ಹೇರಬೇಡಿ. ತಗಡು ಎದ್ದರೆ ಆ ಕಲ್ಲು ಒಳಗಿದ್ದವರ ತಲೆಗೇ ಬೀಳುತ್ತದೆ. ತಗಡನ್ನು ಕೆಳಗಿನ ಅಡ್ಡಪಟ್ಟಿಗೆ ಹಿಡಿಸುವ ಜೆ-ಹುಕ್ (ಕೊಕ್ಕೆ) ಬೋಲ್ಟ್ ಅನ್ನು ತಗಡಿನ ಉಬ್ಬಿನ ಮೇಲೇ ಹಾಕಿ, ತಗ್ಗಿನಲ್ಲಿ ಹಾಕಿದರೆ ಸೋರುತ್ತದೆ. ಅಂಚಿನ ಸಾಲಿಗೆ ಒಂದು ಉಬ್ಬು ಬಿಟ್ಟು ಒಂದಕ್ಕೆ ಬೋಲ್ಟ್ ಇರಲಿ. ಬಿಸಿಲಿಗೆ ಬಿರಿದ ವಾಷರ್ ಬದಲಿಸಿ. ಅಡ್ಡಪಟ್ಟಿಯನ್ನೇ ಗೋಡೆಗೆ ಕಟ್ಟಿರದಿದ್ದರೆ ಮಾತ್ರ ಬೋಲ್ಟ್ ಎಷ್ಟಿದ್ದರೂ ವ್ಯರ್ಥ, ಇಡೀ ಚಾವಣಿಯೇ ಹೋಗುತ್ತದೆ.

ಗಾಳಿ ಎದ್ದಾಗ ಮೇನ್ ಸ್ವಿಚ್ ಆಫ್ ಮಾಡಿ, ಆರ್‌ಸಿಸಿ ಕೋಣೆ ಸೇರಿ.

ಆಮೇಲೆ ಹರಿದುಬಿದ್ದ ತಂತಿ ಕಂಡರೆ ದೂರವಿರಿ. ಕರೆಂಟ್ ಹೋಗಿದೆ ಎಂದು ನಂಬಬೇಡಿ, ಯಾವ ಕ್ಷಣದಲ್ಲೂ ಲೈನ್ ಚಾರ್ಜ್ ಆಗಬಹುದು. ವಿದ್ಯುತ್ ಕಂಪನಿ ಹೆಸ್ಕಾಂನ ಸಹಾಯವಾಣಿ 1912. ರಿಪೇರಿಗೆ ಮುಂಚೆ ಹಾನಿಯ ಫೋಟೊ ತೆಗೆದು, ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ ಪಂಚನಾಮೆ ಮಾಡಿಸಿ. ಹೊಸ ತಗಡು ಹಾಕಿದ ಮೇಲೆ ಪರಿಹಾರಕ್ಕೆ ತೋರಿಸಲು ಏನೂ ಉಳಿಯುವುದಿಲ್ಲ.